ಇಲ್ಲದ ಜಡ್ಡು

ಕಫ ಬಿತ್ತಿಟ್ಟಿದ್ದ ನಾಲ್ಕೂ ಟ್ಯೂಬುಗಳನ್ನು ತುಂಗಾ ಮತ್ತೊಮ್ಮೆ ಕಿಟಕಿಯ ಬೆಳಕಿಗೆ ಹಿಡಿದಳು. ಒಳಗೆ ಓರೆಯಾಗಿ ಹೆಪ್ಪುಗಟ್ಟಿದ ತಿಳಿಹಸಿರು ಪಾಕ ನುಣ್ಣಗೆ ಹೊಳೆಯುತ್ತಿತ್ತು. ಕ್ಷಯದ ಜೀವಾಣು ಬೆಳೆದಿದ್ದರೆ ಅದರ ಮೇಲೆ ಒಣರೊಟ್ಟಿಯ ಚೂರಿನಂಥ ಮಾಸಲು ಗಂಟುಗಳು ಕಾಣಬೇಕಾಗಿತ್ತು. ಮೂರನೆಯ ವಾರದಲ್ಲಿ ಕಂಡಿರಲಿಲ್ಲ, ಐದನೆಯ ವಾರದಲ್ಲೂ ಇಲ್ಲ. ಇವತ್ತಿಗೆ ಎಂಟು ವಾರ ತುಂಬಿತ್ತು. ಎಂಟರ ಮೇಲೆ ಕಾಯುವುದು ವ್ಯರ್ಥ ಎಂದು ಅವಳೇ ಎಷ್ಟೋ ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದಳು. ಆದರೂ ಮೂರನೆಯ ಟ್ಯೂಬಿನ ತಳದಲ್ಲಿ ಏನೋ ಚುಕ್ಕೆ ಇದ್ದಂತಾಗಿ, ಕನ್ನಡಕ ತೆಗೆದು ಒರೆಸಿ, ಇನ್ನೊಮ್ಮೆ ನೋಡಿದಳು. ಗಾಜಿನ ಮೇಲಿನ ಗೀರು.

ಒಬ್ಬ ಹೆಂಗಸಿಗೆ ರೋಗ ಇರಲಿ ಎಂದು ತಾನು ಎಂಟು ವಾರದಿಂದ ಬೇಡಿಕೊಳ್ಳುತ್ತಿದ್ದೇನೆ ಎಂಬುದು ಅವಳಿಗೆ ಆಗ ಹೊಳೆಯಿತು. ಟ್ಯೂಬುಗಳನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಎದ್ದುನಿಂತಳು, ಮತ್ತೆ ಕುಳಿತಳು.

"ದಿಗಂಬರ, ನವೆಂಬರಿನ ರಿಜಿಸ್ಟರ್ ತಗೊಂಡ ಬರ್ರಿ," ಎಂದಳು.

ದಿಗಂಬರ ಖಾನಾಪುರದವನು. ಗೋವೆಯ ಕೊರ್ಲಿಮ್‌ನ ಈ ಸಂಶೋಧನಾ ಕೇಂದ್ರದಲ್ಲಿ ಒಂಬತ್ತು ವರ್ಷದಿಂದ ತಂತ್ರಜ್ಞ. ಕೈ ನಡುಗದೆ ಕೆಲಸ ಮಾಡುವ ಮನುಷ್ಯ. ರಿಜಿಸ್ಟರನ್ನು ಮೇಜಿನ ಮೇಲಿಟ್ಟು, ಅವಳು ಕೇಳುವ ಮೊದಲೇ ಹಾಳೆ ತೆರೆದ. ೨೦೦೬ರ ನವೆಂಬರ್ ಹದಿನಾಲ್ಕು, ಮಂಗಳವಾರ. ಐದು ಮಾದರಿಗಳು ಒಂದರ ಕೆಳಗೊಂದು, ಅವನದೇ ದುಂಡು ಅಕ್ಷರದಲ್ಲಿ. ಮೊದಲನೆಯದು ಗಣಿಯ ಕೂಲಿ ಗೋಪಪ್ಪನದು, ಸೂಕ್ಷ್ಮದರ್ಶಕದ ಕೆಳಗೆ ಅವನ ಕಫದ ತುಂಬ ಕ್ಷಯದ ಕೆಂಪು ಕಡ್ಡಿಗಳು ಕಿಕ್ಕಿರಿದಿದ್ದವು. ಅವನ ಬೆನ್ನಿಗೆ ಉಳಿದ ನಾಲ್ವರದು. ಐದನೆಯ ಹೆಸರು ಆ ಹೆಂಗಸಿನದು, ಲಕ್ಷ್ಮವ್ವ.

"ಆ ದಿವಸ ಕಫ ತೊಳಿಯೋ ಬಫರ್ ನೀರು ಸಣ್ಣ ಬಾಟ್ಲಿ ಒಳಗ ಇತ್ತೋ, ದೊಡ್ಡದರಾಗೋ?"

"ದೊಡ್ಡದರಾಗ್ರಿ ಮೇಡಂ. ಬಾಟ್ಲಿ ಬೇಯಿಸೋ ಆಟೋಕ್ಲೇವ್ ಕೆಟ್ಟಿತ್ತು. ಸಣ್ಣ ಬಾಟ್ಲಿ ಬೇಯಿಸಿದ್ದು ಇರ್ಲಿಲ್ಲ."

"ಒಬ್ಬೊಬ್ಬರಿಗೆ ಒಂದೊಂದು ಬಾಟ್ಲಿ ಅಂತ ಗೋಡಿ ಮ್ಯಾಲೆ ನಾನಽ ಬರದು ಅಂಟಿಸೀನಿ."

"ಹೌದ್ರಿ. ಅದಕ್ಕಽ ನಿಮಗ ಫೋನ್ ಮಾಡಿದ್ನಿ. ನೀವು ದಿಲ್ಲಿ ವಿಮಾನ ಹತ್ತಾಕ ನಿಂತಿದ್ರಿ. ಮಾದರಿ ಕೆಡ್ತಾವು, ದೊಡ್ಡ ಬಾಟ್ಲಿಯಿಂದಽ ಹಾಕಿ ಮುಗಸ್ರಿ ಅಂದ್ರಿ."

ಅವನ ದನಿಯಲ್ಲಿ ದೂರು ಇರಲಿಲ್ಲ. ತುಂಗಾಳಿಗೆ ಆ ಫೋನಿನ ನೆನಪೇ ಇರಲಿಲ್ಲ. ದಾಬೋಲಿಮ್ ವಿಮಾನ ನಿಲ್ದಾಣದ ಸಾಲು, ಚೀಲದಲ್ಲಿದ್ದ ಭಾಷಣದ ಕಾಗದ, ಯಾರೋ ಹಿಂದಿನಿಂದ ತಳ್ಳಿದ್ದು ಎಲ್ಲ ನೆನಪಿತ್ತು, ಇದೊಂದು ಇರಲಿಲ್ಲ. ಆದರೆ ಹಾಗೆ ಹೇಳಿರುತ್ತೇನೆ ಎಂದು ಮನಸ್ಸು ತಕ್ಷಣ ಒಪ್ಪಿಕೊಂಡಿತು. ಗೋಪಪ್ಪನ ಟ್ಯೂಬಿನ ಬಾಯಿಗೆ ದೊಡ್ಡ ಬಾಟಲಿಯ ಬಾಯಿ ತಾಗಿರಬೇಕು. ಒಂದು ಹನಿಯೇ ಸಾಕಿತ್ತು. ಅವನ ರೋಗ ಮುಂದಿನ ನಾಲ್ಕು ಟ್ಯೂಬುಗಳಿಗೆ ಇಳಿದಿತ್ತು.

ಧಾರವಾಡದಿಂದ ಬಂದು ಹನ್ನೆರಡು ವರ್ಷ ಅವಳು ಕ್ಷಯವನ್ನೇ ಹಿಡಿದು ಕೂತಿದ್ದಳು. ಕೂತಿದ್ದಳು ಎನ್ನುವುದೂ ತಪ್ಪೇ. ಚಹಾದ ಹೊತ್ತಿಗೂ ನಿಂತೇ ಕುಡಿದು ಲೋಟ ಇಟ್ಟು ಹೋಗುವವಳು. ಉಸಗಾಂವದ ಅದಿರು ಗಣಿಗಳ ಸುತ್ತ ಸಿಂದಗಿ, ಇಂಡಿ, ಮುದ್ದೇಬಿಹಾಳದ ಕಡೆಯ ಕೂಲಿಯವರು ತಗಡಿನ ಮನೆಗಳ ಸಾಲುಗಳಲ್ಲಿ ಇರುತ್ತಿದ್ದರು. ಅವರಲ್ಲಿ ರೋಗ ಊರಿಂದ ಹೊತ್ತು ತಂದದ್ದೋ, ಆ ಸಾಲುಗಳಲ್ಲೇ ಒಬ್ಬರಿಂದೊಬ್ಬರಿಗೆ ಹರಡಿದ್ದೋ ಎಂಬುದು ಅವಳ ಪ್ರಶ್ನೆ. ಫೆಬ್ರುವರಿಯಲ್ಲಿ ಉತ್ತರ ಸಿಕ್ಕಿತ್ತು. ಐವರ ಜೀವಾಣುಗಳ ಡಿಎನ್‌ಎ ಗೆರೆಗಳು ಒಂದರ ಪಕ್ಕ ಒಂದು ಇಟ್ಟರೆ ಅಚ್ಚೊತ್ತಿದ ಹಾಗೆ ಒಂದೇ. ಐವರೂ ಒಂದೇ ಸಾಲಿನವರು. ಆ ಚಿತ್ರವನ್ನು ನೋಡಿ ಅವಳು ಅವತ್ತು ಊಟ ಮಾಡುವುದನ್ನೇ ಮರೆತಿದ್ದಳು. ಮಾರ್ಚಿನಲ್ಲಿ ವಿಜ್ಞಾನ ಪತ್ರಿಕೆಗೆ ಲೇಖನ ಹೋಯಿತು, ಮೇ ತಿಂಗಳಲ್ಲಿ ಸ್ವೀಕಾರವಾಯಿತು.

ಲೇಖನ ಕಳಿಸಿದ ವಾರವೇ ಅವಳು ಉಸಗಾಂವಕ್ಕೆ ಹೋಗಿದ್ದಳು. ತಗಡಿನ ಸಾಲಿನ ತುದಿಯಲ್ಲಿ ಲಕ್ಷ್ಮವ್ವ ಗೋಡೆಗೆ ಕೈಕೊಟ್ಟುಕೊಂಡು ನಡೆಯುತ್ತಿದ್ದಳು. ಮೂವತ್ತು ದಾಟದ ಹೆಂಗಸು. ಖಡಿ ಕಲ್ಲು ತುಂಬಿದ ಬುಟ್ಟಿಯನ್ನು ತಲೆಯ ಮೇಲಿಟ್ಟು ಹಲಗೆಯ ಮೇಲೆ ನಡೆದುಹೋಗುತ್ತಿದ್ದವಳು. "ಸೂಜಿ ಮಾಡಿಸಿದ ಮ್ಯಾಲ ಹಿಂಗ ಆಗೇತ್ರಿ," ಎಂದಿದ್ದ ಗಂಡ ಸಂಗಣ್ಣ. "ತೆಲಿ ತಿರಗತೈತಿ. ಕಿವ್ಯಾಗ ಗುಂಯ್ ಅಂತೈತಂತ. ಮೆಲ್ಲಕ ಮಾತಾಡಿದ್ರ ಕೇಳಾಂಗಿಲ್ಲ."

ಮದುವೆಗೆ ಮುಂಚೆ ಒಮ್ಮೆ ಲಕ್ಷ್ಮವ್ವನಿಗೆ ಕ್ಷಯವಾಗಿ ವಾಸಿಯಾಗಿತ್ತು. ಹಾಗಾಗಿ ತುಂಗಾಳ ಪ್ರಯೋಗಾಲಯದಿಂದ 'ಬೆಳೆದಿದೆ' ಎಂಬ ವರದಿ ಹೋದಾಗ ಆರೋಗ್ಯ ಕೇಂದ್ರದವರು ರೋಗ ಮರುಕಳಿಸಿದೆ ಎಂದೇ ತಿಳಿದು ಎರಡು ತಿಂಗಳು ಸ್ಟ್ರೆಪ್ಟೊಮೈಸಿನ್ ಚುಚ್ಚಿದ್ದರು. ಇಪ್ಪತ್ತನಾಲ್ಕು ಸೂಜಿ. ಆ ಔಷಧಕ್ಕೆ ಕಿವಿಯ ನರ ಹಿಂಡುವ ಗುಣವಿದೆ. ಅವತ್ತು ತುಂಗಾ ಆರೋಗ್ಯ ಕೇಂದ್ರದಲ್ಲಿ ಅವಳ ಕಾರ್ಡು ತೆಗೆಸಿ ನೋಡಿದಳು. ಎಕ್ಸರೇಯಲ್ಲಿ ಹಳೆಯ ಗಾಯದ ಗುರುತು ಬಿಟ್ಟರೆ ಏನೂ ಇರಲಿಲ್ಲ. ಮೂರು ಸಲದ ಕಫದಲ್ಲೂ ಏನೂ ಕಂಡಿರಲಿಲ್ಲ. ಮೊದಲ ಸೂಜಿಗಿಂತ ಮುಂಚೆಯೇ ಕೆಮ್ಮು ನಿಂತಿತ್ತು. ಅಲ್ಲಿಂದ ಬಂದವಳೇ ಫ್ರೀಜರಿನಲ್ಲಿ ತೆಗೆದಿಟ್ಟಿದ್ದ ಐವರ ಹಳೆಯ ಕಫವನ್ನು ಹೊರಗೆ ತೆಗೆದು, ಈ ಸಲ ತಾನೇ ಕೂತು, ಹೊಸದಾಗಿ ಬೆಳೆಯಲು ಇಟ್ಟಿದ್ದಳು. ಯಾರಿಗೂ ಹೇಳಿರಲಿಲ್ಲ.

ಕೇಂದ್ರದ ಮುಖ್ಯಸ್ಥ ಡಾ. ಮಿಲಿಂದ ಅವಳಿಗೆ ಗುರುವಿನಂಥವರು. ಅವಳನ್ನು ಗೋವೆಗೆ ಕರೆತಂದವರೇ ಅವರು. ಅವರ ಕೋಣೆಯ ಗೋಡೆಯ ಮೇಲೆ ಹೊಸ ಕಟ್ಟಡದ ನೀಲಿ ನಕ್ಷೆ ಅಂಟಿಸಿತ್ತು.

"ಕೂಡು," ಎಂದರು. ಅವಳು ಕೂಡಲಿಲ್ಲ. ಎಲ್ಲವನ್ನೂ ನಿಂತೇ ಹೇಳಿದಳು.

ಮಿಲಿಂದ ಪೂರ್ತಿ ಕೇಳಿದರು. "ಹುಳ ಫ್ರೀಜರಿನ್ಯಾಗ ಸತ್ತಿರಬಹುದಲ್ಲ?"

"ಗೋಪಪ್ಪನ್ದೂ ಅದಽ ಫ್ರೀಜರಿನ್ಯಾಗ ಇತ್ತು, ಸರ್. ಮೂರನೇ ವಾರಕ್ಕಽ ಬೆಳದದ."

"ಅವನ ಕಫದಾಗ ಲಕ್ಷಗಟ್ಟಲೆ ಇದ್ವು. ಇವರದ್ರಾಗ ನಾಕೈದು. ನಾಕೈದು ಸಾಯ್ತಾವ, ತುಂಗಾ. ನಿನಗ ನಾ ಹೇಳಿಕೊಡಬೇಕೇನು?"

ಆ ಮಾತು ಸುಳ್ಳಾಗಿರಲಿಲ್ಲ. ಎಂಟು ವಾರ ರಾತ್ರಿಹಗಲು ಅವಳು ತನಗೆ ತಾನೇ ಹೇಳಿಕೊಂಡ ಮಾತೂ ಅದೇ. "ಅದೊಂದಽ ಆಗಿದ್ರ ಒಪ್ಪತಿದ್ದೆ, ಸರ್. ಎಕ್ಸರೇ, ಸ್ಲೈಡು, ಒಂದಽ ದಿವಸ, ಒಂದಽ ಬಾಟ್ಲಿ. ಎಲ್ಲಾ ಕೂಡಿ ನೋಡ್ರಿ. ಬ್ಯಾರೆ ಯಾರೋ ಈ ಲೇಖನ ಬರದಿದ್ರ ನೀವು ಒಪ್ಪತಿದ್ರೇನು?"

ಮಿಲಿಂದ ಪೆನ್ನಿನ ಟೋಪಿ ತೆಗೆದು ಹಾಕಿದರು. "ಆ ನಾಕೂ ಮಂದಿ ಎಲ್ಲಿದ್ದಾರ?"

"ಇಬ್ಬರು ಔಷಧ ಸುರು ಆಗೋ ಮೊದಲಽ ಊರಿಗೆ ಹೋಗ್ಯಾರ. ಒಬ್ಬಾಂವಗ ಎಕ್ಸರೇದಾಗಽ ರೋಗ ಕಾಣಸ್ತದ, ಅವಂಗ ಔಷಧ ಬೇಕಽ ಆಗಿತ್ತು. ಉಳದಾಕಿ ಲಕ್ಷ್ಮವ್ವ. ಆಕಿ ಇನ್ನೂ ಗುಳಗಿ ನುಂಗಲಿಕ್ಕೆ ಹತ್ಯಾಳ."

"ಅದನ್ನ ನಾ ಇವತ್ತಽ ಫೋನ್ ಮಾಡಿ ನಿಲ್ಲಸ್ತೀನಿ. ವಾಸಿ ಆತು, ಔಷಧ ಸಾಕು ಅಂತ ಹೇಳ್ತಾರ. ಆಕಿಗೂ ಸಮಾಧಾನ. ವಾಸಿ ಆತು ಅಂತ ಕೇಳಿದ್ರ ಯಾರಿಗೆ ದುಃಖ ಆಗ್ತದ?" ಅವರು ನಕ್ಷೆಯತ್ತ ನೋಡದೆ ಮಾತು ಮುಂದುವರಿಸಿದರು. "ಜುಲೈದಾಗ ರೊಕ್ಕ ಕೊಡೋ ಸಮಿತಿ ಬರ್ತದ. ಐದು ವರ್ಷದ ಯೋಜನಾ ಮುಂದುವರದ್ರ ಉಸಗಾಂವದಾಗಽ ಒಂದು ಕಫ ಪರೀಕ್ಷಾ ಕೇಂದ್ರ ಮಾಡಬಹುದು. ಎಷ್ಟು ಜನ ಬದುಕ್ತಾರ ನೋಡು. ಆಮ್ಯಾಲೆ ತಿದ್ದುಪಡಿ ಬರೀ. ಜುಲೈ ತನಕ ಸುಮ್ಮನಿರು ಅಂತಽ ಕೇಳಲಿಕ್ಕೆ ಹತ್ತೇನಿ."

ತುಂಗಾ, ಬಾಯಿ ತೆರೆದರೆ ಹೂಂ ಎಂದುಬಿಡುತ್ತೇನೆ ಎಂದು ಹೆದರಿದಳು. ಅವರು ಹೇಳಿದ ಕಫ ಪರೀಕ್ಷಾ ಕೇಂದ್ರ ಅವಳದೇ ಆಸೆಯಾಗಿತ್ತು. 'ವಾಸಿ ಆತು' ಎಂಬ ಎರಡೇ ಮಾತಿನಲ್ಲಿ ಎಲ್ಲ ಸರಿಹೋಗುತ್ತಿತ್ತು, ಲಕ್ಷ್ಮವ್ವ ಕೈಮುಗಿದು ಉಪಕಾರ ಹೇಳಿ ಊರಿಗೆ ಹೋಗುತ್ತಿದ್ದಳು. ಆ ಮುಗಿದ ಕೈ ಕಣ್ಣಿಗೆ ಕಟ್ಟಿದಾಗ ತುಂಗಾ ಬಾಗಿಲ ಕಡೆ ತಿರುಗಿದಳು. ತನ್ನ ಕೋಣೆಗೆ ಬಂದು, ಚೀಲಕ್ಕೆ ಕೇಂದ್ರದ ಲೆಟರ್‌ಪ್ಯಾಡು ಹಾಕಿಕೊಂಡು, ಸ್ಕೂಟರ್ ತೆಗೆದಳು.

ಬಾಣಸ್ತಾರಿ ದಾಟಿ ಫೋಂಡಾದ ಏರು ಹತ್ತುವಾಗ ಅದಿರಿನ ಲಾರಿಗಳು ಸಾಲುಗಟ್ಟಿ ಎದುರಾದವು. ಮಳೆ ಬಿದ್ದರೆ ಗಣಿ ಬಂದ್. ಅಷ್ಟರೊಳಗೆ ಇದ್ದಷ್ಟನ್ನೂ ಸಾಗಿಸುವ ಅವಸರ. ರಸ್ತೆಬದಿಯ ಗೋಡಂಬಿ ಗಿಡಗಳ ಎಲೆ ಎಲೆಯೂ ಅದಿರಿನ ಧೂಳಿಗೆ ಕೆಂಪಾಗಿತ್ತು. ಮೊದಲು ಆರೋಗ್ಯ ಕೇಂದ್ರಕ್ಕೆ ಹೋದಳು. ಅಲ್ಲಿಯ ವೈದ್ಯರು ಅವಳು ಹೇಳಿದ್ದನ್ನು ಕೇಳಿ, ಎಕ್ಸರೇಯನ್ನು ಮತ್ತೆ ಬೆಳಕಿಗೆ ಹಿಡಿದು ನೋಡಿ, ಕಾರ್ಡಿನ ಮೇಲೆ ಔಷಧ ನಿಲ್ಲಿಸಿದೆ ಎಂದು ಬರೆದು ಸಹಿ ಹಾಕಿದರು. "ಅವಳಿಗೆ ಯಾರು ಹೇಳ್ತಾರೆ?" ಎಂದು ಹಿಂದಿಯಲ್ಲಿ ಕೇಳಿದರು. "ನಾನು," ಎಂದಳು.

ತಗಡಿನ ಸಾಲಿನಲ್ಲಿ ಎಲ್ಲರೂ ಗಂಟು ಕಟ್ಟುತ್ತಿದ್ದರು. ಮಳೆಗಾಲಕ್ಕೆ ಊರಿಗೆ ಹೋಗುವವರನ್ನು ಕರೆದೊಯ್ಯಲು ಸಂಜೆ ಸಿಂದಗಿಯ ಬಸ್ಸು ಬರುವುದಿತ್ತು. ಲಕ್ಷ್ಮವ್ವ ಬಾಗಿಲ ಮುಂದೆ ಕುಳಿತು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಒಂದು ತಾಟು, ಒಂದು ಲೋಟ ಮಾತ್ರ ಬೇರೆ ಬಟ್ಟೆಯಲ್ಲಿ ಕಟ್ಟಿ ಪಕ್ಕಕ್ಕಿಟ್ಟಿತ್ತು. ಯಾರದೆಂದು ತುಂಗಾ ಕೇಳಬೇಕಾಗಲಿಲ್ಲ.

"ಬರ್ರಿ ಬಾಯಾರ," ಎಂದು ಸಂಗಣ್ಣ ಡಬ್ಬಿಯೊಂದನ್ನು ಬೋರಲು ಹಾಕಿ ಕೂಡಲು ಕೊಟ್ಟ. "ಮತ್ತ ಕಫ ಬೇಕೇನ್ರಿ?"

"ಬ್ಯಾಡ. ಲಕ್ಷ್ಮವ್ವನ ಜೋಡಿ ಮಾತಾಡಬೇಕು." ಅವಳು ಲಕ್ಷ್ಮವ್ವನ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತಳು. "ಲಕ್ಷ್ಮವ್ವ, ನಿಮಗ ಜಡ್ಡು ಇರಲಿಲ್ಲ."

ಲಕ್ಷ್ಮವ್ವ ಅವಳ ತುಟಿಗಳನ್ನು ನೋಡಿದಳು. "ಏನಂದ್ರಿ? ಈ ಕಡೆ ಬರ್ರಿ, ಎಡಗಿವಿ ಸ್ವಲ್ಪ ಚಲೋ ಐತಿ. ಜೋರಾಗಿ ಹೇಳ್ರಿ."

ದಾರಿಯುದ್ದಕ್ಕೂ ತುಂಗಾ ಮಾತುಗಳನ್ನು ಮೆಲ್ಲಗೆ, ಒಬ್ಬಳಿಗೇ ಹೇಳುವ ಹಾಗೆ ಜೋಡಿಸಿಕೊಂಡು ಬಂದಿದ್ದಳು. ಆಚೀಚೆಯವರು ಗಂಟು ಕಟ್ಟುತ್ತಿದ್ದ ಕೈ ನಿಲ್ಲಿಸಿದ್ದರು. ಅವಳು ದನಿ ಏರಿಸಿದಳು. "ನಿಮಗ ಈ ಸಲ ಟಿ.ಬಿ. ಆಗಿದ್ದಿಲ್ಲ. ಗೋಪಪ್ಪನ ಕಫದಾಗಿನ ಹುಳ ನಿಮ್ಮ ಟ್ಯೂಬಿನ್ಯಾಗ ಬಿದ್ದಿತ್ತು. ನಮ್ಮ ಪರೀಕ್ಷಾ ತಪ್ಪಾಗ್ಯದ. ಸೂಜಿ ಬೇಕಾಗಿರಲಿಲ್ಲ."

ಎದುರಿನ ಮನೆಯ ಚಂದ್ರಿಬಾಯಿ ಸೆರಗನ್ನು ಬಾಯಿಗಿಟ್ಟುಕೊಂಡಳು. ಸಂಗಣ್ಣ ಹೆಂಡತಿಯನ್ನೂ ತುಂಗಾಳನ್ನೂ ನೋಡಿದ. "ಅಂದ್ರ… ಈಕಿಗೆ ಏನೂ ಇರಲೇ ಇಲ್ಲೇನ್ರಿ? ನಾವು ಕೂಸಿನ್ನ ಊರಿಗೆ ಅಟ್ಟೇವ್ರಿ. ಐದು ತಿಂಗಳಾತು. ಮೂರು ವರ್ಷದ ಕೂಸು, ತಾಯಿ ಹತ್ತಿರ ಮಲಗಬಾರದಂತ ನಮ್ಮವ್ವನ ಕಡೆ ಬಿಟ್ಟ ಬಂದೇನಿ. ನಾ ಇಲ್ಲಿ ಹೊರಗ ಮಲಕೋತೇನಿ."

ಲಕ್ಷ್ಮವ್ವ ಗಂಡನ ಮಾತಿಗೆ ತಿರುಗಲಿಲ್ಲ. "ಯಾರು ಮಾಡಿದ್ರು ಇದನ್ನ?" ಎಂದಳು.

ತುಂಗಾಳಿಗೆ ದಿಗಂಬರನ ದುಂಡು ಅಕ್ಷರ ಕಣ್ಣಮುಂದೆ ಬಂತು. ಬಾಟಲಿ ಹಿಡಿದಿದ್ದು ಅವನ ಕೈ. ಕೆಟ್ಟಿದ್ದು ಯಂತ್ರ.

"ನಾನು."

"ಕೇಳಸಲಿಲ್ರಿ."

"ನಾನು," ಎಂದು ತುಂಗಾ ಕೂಗಿದಳು. ತಗಡಿಗೆ ಬಡಿದು ಆ ಮಾತು ಅವಳಿಗೇ ತಿರುಗಿ ಕೇಳಿಸಿತು. "ಅವಸರದಾಗ ತಪ್ಪು ಹೇಳಿದೆ. ತಪ್ಪು ನಂದು."

ಲಕ್ಷ್ಮವ್ವ ಚೀಲದ ಬಾಯಿ ಬಿಗಿದು ಕಟ್ಟಿದಳು. ಬೈಯುತ್ತಾಳೆ, ಅಳುತ್ತಾಳೆ ಎಂದು ತುಂಗಾ ಕಾದಳು, ಎರಡಕ್ಕೂ ಸಿದ್ಧವಾಗಿದ್ದಳು. ಕೊನೆಗೆ ಲಕ್ಷ್ಮವ್ವ, "ಬರದ ಕೊಡ್ರಿ," ಎಂದಳು. "ಬಾಯಿಲೆ ಹೇಳಿದ್ರ ನಮ್ಮತ್ತಿ ನಂಬಾಂಗಿಲ್ಲ. ಕನ್ನಡದಾಗ ಬರೀರಿ. ಸಾಲಿ ಮಾಸ್ತರ ಕಡೆ ಓದಸ್ತೇನಿ."

ತುಂಗಾ ಲೆಟರ್‌ಪ್ಯಾಡು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದಳು. ಇಷ್ಟು ವರ್ಷ ಬರೆದದ್ದೆಲ್ಲ ಇಂಗ್ಲಿಷಿನಲ್ಲೇ. ಪೆನ್ನು ಪ್ರತಿ ಪದಕ್ಕೂ ತಡೆಯಿತು. ನಾಲ್ಕು ಸಾಲು ಬರೆದು ಗಟ್ಟಿಯಾಗಿ ಓದಿದಳು. "ಲಕ್ಷ್ಮವ್ವ ಸಂಗಣ್ಣ ತಳವಾರ ಇವರಿಗೆ ಸದ್ಯ ಕ್ಷಯರೋಗ ಇರುವ ಸಾಧ್ಯತೆ ಅತ್ಯಂತ ಕಡಿಮೆ ಎಂದು…"

"ಸಾಧ್ಯತೆ ಅಂದ್ರ?"

"ಇರಲಿಕ್ಕಿಲ್ಲ ಅಂತ. ಹೆಚ್ಚುಕಡಿಮಿ ಇಲ್ಲಽ ಇಲ್ಲ ಅಂತ."

"ಹೆಚ್ಚುಕಡಿಮಿ ಅಂತ ಬರದ್ರ ನಮ್ಮತ್ತಿ ಅದೊಂದ ಮಾತು ಹಿಡಕೊಂಡ ಕುಂದರತಾಳ. ಐತೋ, ಇಲ್ಲೋ? ಎರಡರಾಗ ಒಂದು ಬರೀರಿ."

ತುಂಗಾ ಪೆನ್ನು ಎತ್ತಿ ಹಿಡಿದಳು. ಇಲ್ಲ ಎಂದು ಯಾವ ವಿಜ್ಞಾನಿಯೂ ಬರೆಯುವುದಿಲ್ಲ. ಕಂಡುಬಂದಿಲ್ಲ ಎಂದು ಬರೆಯುತ್ತಾರೆ. ಅವಳು ಆ ಹಾಳೆಯನ್ನು ಹರಿದು ಹೊಸದನ್ನು ತೆಗೆದಳು. 'ಲಕ್ಷ್ಮವ್ವನಿಗೆ ಕ್ಷಯ ಇಲ್ಲ. ಕಳೆದ ನವೆಂಬರಿನ ಪರೀಕ್ಷೆ ತಪ್ಪಾಗಿತ್ತು. ತಪ್ಪು ನನ್ನದು. ಇವರು ಮಗುವನ್ನು ಹತ್ತಿರ ಮಲಗಿಸಿಕೊಳ್ಳಬಹುದು, ಎಲ್ಲರ ಜೊತೆ ಉಣ್ಣಬಹುದು.' ಕೆಳಗೆ ಪೂರ್ತಿ ಹೆಸರು, ಹುದ್ದೆ, ತಾರೀಖು.

ಲಕ್ಷ್ಮವ್ವ ಎರಡು ಸಲ ಓದಿಸಿದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು. "ಕಿವಿ?" ಎಂದು ಕೇಳಿದಳು.

"ತೋರಸೋಣು. ನೀವು ತಿರುಗಿ ಬಂದಾಗ ನಾನಽ ಕರಕೊಂಡ ಹೋಗ್ತೀನಿ. ಪೂರ್ತಿ ಬರ್ತದ ಅಂತ ಹೇಳಲಿಕ್ಕೆ ಆಗೂದಿಲ್ಲ."

"ಇದನ್ನ ಮಾತ್ರ ಖರೇ ಹೇಳ್ರಿ ಅಂತ ನಾ ಕೇಳಲಿಲ್ಲಲ್ರಿ," ಎಂದು ಲಕ್ಷ್ಮವ್ವ ಮೊದಲ ಸಲ ಮುಖ ತಿರುಗಿಸಿದಳು.

ಲೇಖನವನ್ನು ಹಿಂತೆಗೆದುಕೊಳ್ಳುವ ಪತ್ರ ಮರುದಿನವೇ ಹೋಯಿತು. ಮಿಲಿಂದ ತಡೆಯಲಿಲ್ಲ, ತಮ್ಮ ಹೆಸರನ್ನೂ ಪತ್ರದ ಕೆಳಗೆ ಹಾಕಿದರು, ಆದರೆ ಕೆಲವು ತಿಂಗಳು ಅವಳ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಜುಲೈಯಲ್ಲಿ ಬಂದ ಸಮಿತಿ ಪ್ರಾಮಾಣಿಕತೆಯನ್ನು ಹೊಗಳಿ, ಯೋಜನೆಯನ್ನು ಮುಂದುವರಿಸಲಿಲ್ಲ. ನೀಲಿ ನಕ್ಷೆ ಗೋಡೆಯಿಂದ ಇಳಿಯಿತು. ಉಸಗಾಂವದಲ್ಲಿ ಕಫ ಪರೀಕ್ಷಾ ಕೇಂದ್ರ ಆಗಲಿಲ್ಲ. ಆ ವರ್ಷ ಅಲ್ಲಿ ರೋಗ ಪತ್ತೆಯಾಗದೆ ಉಳಿದವರು ಎಷ್ಟೋ. ಆ ಲೆಕ್ಕ ತುಂಗಾಳ ತಲೆಯಲ್ಲಿ ಆಗಾಗ ಏಳುತ್ತಿತ್ತು. ಊರಿಗೆ ಹೋದ ಇಬ್ಬರ ವಿಳಾಸ ಹುಡುಕಿ ಕಾಗದ ಬರೆದಳು. ಒಂದು ತಿರುಗಿ ಬಂತು. ಸ್ಲೈಡು ನೋಡುವುದನ್ನು ಕಲಿಸಲು ಊರೂರಿನ ಆರೋಗ್ಯ ಕೇಂದ್ರಗಳಿಗೆ ಬಸ್ಸಿನಲ್ಲಿ ಅಲೆಯತೊಡಗಿದಳು. ದಿಗಂಬರ ತಾನಾಗಿಯೇ ಜೊತೆಗೆ ಬರುತ್ತಿದ್ದ.

ಅಕ್ಟೋಬರಿನ ಕೊನೆಗೆ ಸಂಗಣ್ಣನ ಫೋನು ಬಂತು. ಗಣಿ ಸುರುವಾಗಿತ್ತು. "ಬಂದೇವ್ರಿ ಬಾಯಾರ. ಕೂಸೂ ಬಂದೈತಿ. ನೀವು ಕಿವಿ ತೋರಸ್ತೇನಿ ಅಂದಿದ್ರಿ, ಈಕಿ ನೆಪ್ಪ ಮಾಡ್ಯಾಳ."

ಬಾಂಬೋಳಿಯ ದೊಡ್ಡಾಸ್ಪತ್ರೆಯಲ್ಲಿ ಕಿವಿ ಪರೀಕ್ಷೆಗೆಂದೇ ಒಂದು ಸಣ್ಣ ಗಾಜಿನ ಕೋಣೆ ಇತ್ತು. ಒಳಗೆ ಹೊರಗಿನ ಸದ್ದು ಹೋಗದಂತೆ ದಪ್ಪ ಬಾಗಿಲು. ಲಕ್ಷ್ಮವ್ವನನ್ನು ಕುರ್ಚಿಯ ಮೇಲೆ ಕೂಡಿಸಿ ಕಿವಿಗೆ ಹೆಡ್‌ಫೋನು ಇಟ್ಟರು. ಸದ್ದು ಕೇಳಿದ ಕೂಡಲೇ ಬೆರಳೆತ್ತಬೇಕು ಎಂದು ತುಂಗಾ ಅವಳ ಎದುರು ನಿಂತು ಮಾಡಿ ತೋರಿಸಿದಳು. ಆಮೇಲೆ ಹೊರಗೆ ಬಂದು, ಯಂತ್ರ ನಡೆಸುವ ಹುಡುಗಿಯ ಪಕ್ಕದಲ್ಲಿ ಕುಳಿತಳು.

ಮೊದಲ ಸದ್ದುಗಳಿಗೆ ಬೆರಳು ತಕ್ಷಣ ಎದ್ದಿತು. ಡೋಲಿನಂಥ ಗಡಸು ಸದ್ದುಗಳು ಅವು ಎಂದು ಹುಡುಗಿ ಹೇಳಿದಳು. ಆಮೇಲೆ ಗುಂಡಿ ತಿರುಗಿಸುತ್ತ ಹೋದಂತೆ ಬೆರಳು ತಡವಾಗಿ ಏಳತೊಡಗಿತು. ಹುಡುಗಿ ಹಾಳೆಯ ಮೇಲೆ ಒಂದೊಂದೇ ಗುರುತು ಹಾಕಿದಳು. ಗುರುತುಗಳು ಇಳಿಜಾರಿನಲ್ಲಿ ಜಾರಿದಂತೆ ಕೆಳಗೆ ಹೋದವು.

"ಇದು ಹಕ್ಕಿ ಕೂಗಿದಂಥ ಕೀಚಲು ಸದ್ದು," ಎಂದು ಹುಡುಗಿ ಗುಂಡಿಯನ್ನು ಇನ್ನೊಂದು ಮನೆ ತಿರುಗಿಸಿದಳು. ಸದ್ದು ಒಳಗೆ ಹೋಗುತ್ತಿದೆ ಎಂದು ತೋರಿಸುವ ಕೆಂಪು ದೀಪ ಯಂತ್ರದ ಮೇಲೆ ಹೊತ್ತಿತು, ಆರಿತು, ಮತ್ತೆ ಹೊತ್ತಿತು. ಇನ್ನಷ್ಟು ಜೋರು ಮಾಡಿದಳು.

ಗಾಜಿನಾಚೆ ಲಕ್ಷ್ಮವ್ವ ನೆಟ್ಟಗೆ ಕುಳಿತಿದ್ದಳು. ತೊಡೆಯ ಮೇಲೆ ಬಲಗೈ ಇಟ್ಟು, ತೋರುಬೆರಳನ್ನು ಅರ್ಧ ಎತ್ತಿ ಸಿದ್ಧವಾಗಿ ಹಿಡಿದಿದ್ದಳು. ಸದ್ದು ಯಾವಾಗ ಸುರುವಾಗುತ್ತದೆ ಎಂದು ಕೇಳುವಂತೆ ಹುಬ್ಬೆತ್ತಿ ತುಂಗಾಳ ಕಡೆ ನೋಡುತ್ತಿದ್ದಳು.